ಕಲ್ಲಿಗೂ ಲೆಕ್ಕ ಇಟ್ಟ ಬ್ರೂಸ್ ಫೂಟ್

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಕಲ್ಲು, ಪಳೆಯುಳಿಕೆ ಎಲ್ಲ ವಿಜ್ಞಾನದವರ ಪಾಲು, ನಮಗೆ ಲೆಕ್ಕಪತ್ರ ಸಾಕು ಎಂದು ಹಲವರು ಹೇಳುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಅವರ ಬಗ್ಗೆ ಓದಿದ ಮೇಲೆ ಆ ಮಾತನ್ನು ನಾನು ಒಪ್ಪುವುದಿಲ್ಲ.

ಫೂಟ್ 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. ಬಂಡೆಗಳನ್ನು ಪರೀಕ್ಷಿಸಿ ನಕ್ಷೆ ಮಾಡುವುದು ಅವರ ನೌಕರಿ. ಆದಿಮಾನವರ ಕಲ್ಲಿನ ಉಪಕರಣ ಹುಡುಕುವುದು ಹವ್ಯಾಸ. ಈ ವಿಷಯ ಕಲಿಸುವ ಗುರುಗಳು ಆಗ ನಮ್ಮ ದೇಶದಲ್ಲಿ ಇರಲಿಲ್ಲ.

ಹಾಗಾದರೆ ಅವರು ಕಲಿತದ್ದು ಹೇಗೆ? ಫ್ರಾನ್ಸಿನಲ್ಲಿ ಬೂಷೆ ದ ಪೆರ್ತ್ ಎಂಬ ಸುಂಕದ ಅಧಿಕಾರಿ, ಸೊಮ್ ನದಿಯ ಜಲ್ಲಿಯಲ್ಲಿ ಕಲ್ಲಿನ ಕೊಡಲಿಗಳೂ ಅಳಿದುಹೋದ ಪ್ರಾಣಿಗಳ ಮೂಳೆಗಳೂ ಜೊತೆಯಾಗಿ ಇರುವುದನ್ನು ಕಂಡಿದ್ದರು. ಪಂಡಿತರು ಬಹಳ ವರ್ಷ ನಂಬಲಿಲ್ಲ. 1859ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಅಲ್ಲಿಗೇ ಹೋಗಿ ಕಣ್ಣಾರೆ ನೋಡಿ, ಅದು ನಿಜವೆಂದು ವರದಿ ಒಪ್ಪಿಸಿದರು. ಆಗ ಪ್ರೆಸ್ಟ್‌ವಿಚ್ ವೈನ್ ವ್ಯಾಪಾರಿ, ಇವಾನ್ಸ್ ಕಾಗದ ತಯಾರಿಸುವ ಉದ್ಯಮಿ! ಬಿಡುವಿನಲ್ಲಿ ಕಲಿತು, ಕಂಡದ್ದನ್ನು ಪರಸ್ಪರ ತೋರಿಸಿ, ತಿದ್ದಿಕೊಂಡ ಇಂಥವರ ಬರಹಗಳೇ ದೂರದ ಫೂಟ್ ಅವರಿಗೆ ಪಾಠವಾದವು.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯಲ್ಲಿ ಅವರಿಗೆ ಒಂದು ಕೈಗೊಡಲಿ ಸಿಕ್ಕಿತು. ಆಗ ಅವರ ವಯಸ್ಸು 28. ಭಾರತದಲ್ಲೂ ಹಳೆ ಶಿಲಾಯುಗದ ಜನರು ಬಾಳಿದ್ದರು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಮುಂದೆ ಅವರು ಕರ್ನಾಟಕದಲ್ಲೂ ಬಹಳ ಸುತ್ತಿದರು. ಬಳ್ಳಾರಿ ಸೀಮೆಯಲ್ಲಿ ನವಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಗೋಕಾಕದ ಬಳಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯ ಬಗ್ಗೆ 1874ರಲ್ಲಿ ಬರೆದರು. ಇಂದು ಬೆಳಗಾವಿ ಜಿಲ್ಲೆಯಲ್ಲಿ ಆ ಪ್ರಾಣಿಯನ್ನು ಊಹಿಸಲೂ ಆಗದು! ಚಿನ್ನ, ತಾಮ್ರ ಸಿಗುವ ನಮ್ಮ ಕಡೆಯ ಪುರಾತನ ಶಿಲೆಗಳಿಗೆ ಧಾರವಾಡ ಎಂಬ ಹೆಸರು ಕೊಟ್ಟವರೂ ಅವರೇ. ನಿವೃತ್ತಿಯ ನಂತರ ಮೈಸೂರು ಸಂಸ್ಥಾನದಲ್ಲೂ ಕೆಲಸ ಮಾಡಿದರು. 1912ರಲ್ಲಿ ತೀರಿಕೊಂಡರು.

ನನಗೆ ಹೆಚ್ಚು ಹಿಡಿಸಿದ್ದು ಅವರ ಶಿಸ್ತು. ಯಾವ ವಸ್ತು ಯಾವ ಜಾಗದಲ್ಲಿ ಸಿಕ್ಕಿತು ಎಂದು ದಾಖಲಿಸುತ್ತಿದ್ದರು. ಅದಕ್ಕೇ 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯಕ್ಕೆ ಸೇರಿದ ಅವರ ಸಂಗ್ರಹ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಜಾಗ ಗೊತ್ತಿಲ್ಲದ ಕಲ್ಲು ವೋಚರ್ ಇಲ್ಲದ ಖರ್ಚಿನಂತೆ. ಇದ್ದರೂ ಲೆಕ್ಕಕ್ಕೆ ಸೇರುವುದಿಲ್ಲ.

ತುರುವನೂರಿನವರಾದ ನಮಗೆ ಇದು ದೂರದ ಕಥೆಯಲ್ಲ. ನಮ್ಮದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಲಾವಾ ಶಿಲೆಗಳಿವೆ. ಮಾರಿಕಣಿವೆ ಭಾಗದ ಸುಣ್ಣಕಲ್ಲುಗಳಲ್ಲಿ 250 ಕೋಟಿ ವರ್ಷಕ್ಕೂ ಹಿಂದಿನ ಸೂಕ್ಷ್ಮಜೀವಿಗಳು ಬಿಟ್ಟ ಪದರಗಳಿವೆ. ಒಮ್ಮೆ ಜಲ್ಲಿಯಾಗಿ ಪುಡಿಯಾದರೆ ಇವು ಮತ್ತೆ ಬರುವುದಿಲ್ಲ. ಆದ್ದರಿಂದ ಗೆಳೆಯರೇ, ವಿಚಿತ್ರವಾದ ಕಲ್ಲು ಕಂಡರೆ ಒಡೆಯಬೇಡಿ, ಮನೆಗೂ ಒಯ್ಯಬೇಡಿ. ಫೋಟೋ ತೆಗೆದು, ಊರು, ಜಾಗ, ದಿನಾಂಕ ಬರೆದಿಟ್ಟು, ತಿಳಿದವರಿಗೆ ತೋರಿಸಿ. ಇಷ್ಟು ಮಾಡಲು ಯಾವ ವಿಭಾಗದವರಾದರೂ ಸಾಕು.