ಸತ್ಯದ ಅಳತೆ: ರಾಬರ್ಟ್ ಬಾಯ್ಲರ ಚರಿತ್ರೆ

ರಸಾಯನಶಾಸ್ತ್ರದ ಮೂಲಪುರುಷರಲ್ಲಿ ಒಬ್ಬರೆನಿಸಿದ ರಾಬರ್ಟ್ ಬಾಯ್ಲರ ಚರಿತ್ರೆಯನ್ನು ನಾವು ಈ ಸಾರಿ ತಿಳಿಸುತ್ತೇವೆ. ಅವರು 1627ನೆಯ ಇಸವಿಯಲ್ಲಿ ಐರ್ಲೆಂಡ್ ದೇಶದ ಲಿಸ್ಮೋರಿನಲ್ಲಿ ಹುಟ್ಟಿದರು. ಐಶ್ವರ್ಯವಂತರಾಗಿದ್ದರೂ ದೇವರ ಸೃಷ್ಟಿಯನ್ನು ಪರಿಶೋಧಿಸುವುದು ಆತನ ಸೇವೆಯೇ ಎಂದು ನಂಬಿದರು.

ವಾಯುವಿನ ಮೇಲಣ ಒತ್ತಡವು ಇಮ್ಮಡಿಯಾದರೆ ಅದರ ಗಾತ್ರವು ಅರ್ಧವಾಗುವುದೆಂದು 1662ರಲ್ಲಿ ಪ್ರಕಟಿಸಿದರು. ಬಾಗಿದ ಗಾಜಿನ ನಳಿಗೆಯಲ್ಲಿ ಪಾದರಸವನ್ನು ಹೊಯ್ದು ಕಂಡ ಅಳತೆಗಳನ್ನೂ, ಲೆಕ್ಕದಿಂದ ಬರತಕ್ಕ ಅಳತೆಗಳನ್ನೂ ಒಂದರ ಪಕ್ಕದಲ್ಲೊಂದು ಬರೆದರು. ತುಸು ಹೊಂದದವುಗಳನ್ನು ಮುಚ್ಚಿಡಲಿಲ್ಲ. ಕೈಗೂಡದ ಪ್ರಯೋಗಗಳನ್ನು ಕುರಿತೂ 1661ರಲ್ಲಿ ಬರೆದು, ಬೆರಕೆಯ ದ್ರವ್ಯಗಳು ಹೇಗೆ ಮೋಸಮಾಡುವವೆಂದು ತೋರಿಸಿದರು.

ಇಳಕಲ್ಲಿನ ನೇಕಾರರು ಇದನ್ನು ಬಲ್ಲರು. ಅಳತೆಕೋಲೇ ಒಂದು ಬೆರಳು ಗಿಡ್ಡವಾಗಿದ್ದರೆ ಹತ್ತು ಸಲ ಅಳೆದರೂ ಒಂದೇ ಲೆಕ್ಕ ಬರುವುದು. ಆದರೂ ಅದು ಸುಳ್ಳು ಲೆಕ್ಕವೇ. ಆದುದರಿಂದ ಮೊದಲು ತಕ್ಕಡಿಯನ್ನು ಪರೀಕ್ಷಿಸಿ, ಶುದ್ಧ ದ್ರವ್ಯವನ್ನು ತಕ್ಕೊಂಡು, ಪ್ರಯೋಗವನ್ನು ಮರಳಿ ಮರಳಿ ಮಾಡತಕ್ಕದ್ದು.

1680ರಲ್ಲಿ ರಾಯಲ್ ಸೊಸೈಟಿಯು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆಣೆಯಿಡಲು ಮನಸ್ಸಾಕ್ಷಿಯು ಒಪ್ಪದೆ ಅವರು ಆ ಗೌರವವನ್ನು ಬಿಟ್ಟರು. ಐರಿಷ್ ಭಾಷೆಯ ಸತ್ಯವೇದವನ್ನು ಅಚ್ಚುಹಾಕಿಸಲು ಸ್ವಂತ ಹಣವನ್ನು ವೆಚ್ಚಮಾಡಿದರು. 1691ರಲ್ಲಿ ಲಂಡನ್ನಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ನಮ್ಮ ಮಕ್ಕಳು ಶಾಲೆಯಲ್ಲಿ ಪ್ರಯೋಗ ಮಾಡುವಾಗ, ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಳತೆಯನ್ನು ತಿದ್ದುವ ಶೋಧನೆಗೆ ಒಳಗಾಗುವದುಂಟು. ಗುರುಗಳು ಅರಿಯದಿದ್ದರೂ ಕಳ್ಳತಕ್ಕಡಿಯನ್ನು ಹಗೆಮಾಡುವ ದೇವರು ಅರಿಯುವನು. ಕಡಿಮೆ ಗುಣಾಂಕ ಬಂದರೂ ಚಿಂತೆಯಿಲ್ಲ, ಕಂಡದ್ದನ್ನೇ ಬರೆಯಿರೆಂದು ನಾವು ಅವರಿಗೆ ಕಲಿಸೋಣ.