ಪಾಲ್ವಂಕರ ಬಾಲೂ

ಭಾರತವು ಮೊದಲ ಟೆಸ್ಟ್ ಪಂದ್ಯವನ್ನಾಡಿದ್ದು 1932ರಲ್ಲಿ. ಅದಕ್ಕೂ 21 ವರ್ಷ ಮೊದಲೇ, ನಾನಾ ಮತಗಳ ಆಟಗಾರರಲ್ಲಿ ಶ್ರೇಷ್ಠರನ್ನು ಆರಿಸಿ ಕಟ್ಟಿದ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಗಿ ಬಂದಿತು. ನಮ್ಮ ಬೆಂಗಳೂರಿನ ಬಿ. ಜಯರಾಮ್ ಅದರಲ್ಲಿದ್ದರು. ಆದರೆ ಆ ತಂಡದ ಕಣ್ಮಣಿ ಎನಿಸಿದವರು 1876ರಲ್ಲಿ ಧಾರವಾಡದಲ್ಲಿ ಜನಿಸಿದ ಪಾಲ್ವಂಕರ ಬಾಲೂ.

ಬಾಲೂ ಅವರದು ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚರ್ಮಕಾರ ಕುಟುಂಬ. ತಂದೆ ಸೈನ್ಯದಲ್ಲಿ ಸಿಪಾಯಿ. ಪುಣೆಯಲ್ಲಿ ಅಧಿಕಾರಿಗಳು ಬಳಸಿ ಬಿಟ್ಟ ಸಾಮಗ್ರಿಗಳಿಂದ ಸೋದರರು ಕ್ರಿಕೆಟ್ ಕಲಿತರು. ಬಾಲೂ ಅವರಿಗೆ ಮೊದಲು ದೊರೆತದ್ದು ಪಾರ್ಸಿಗಳ ಕ್ಲಬ್ಬಿನಲ್ಲಿ ಅಂಕಣವನ್ನು ಗುಡಿಸುವ ಕೆಲಸ. ತಿಂಗಳಿಗೆ ಮೂರು ರೂಪಾಯಿ ಸಂಬಳ. ಅನಂತರ ಆಂಗ್ಲರ ಪುಣೆ ಕ್ಲಬ್ಬಿಗೆ ಸೇರಿದಾಗ ಒಂದು ರೂಪಾಯಿ ಹೆಚ್ಚಾಯಿತು. ಅಲ್ಲಿ ಬಲೆ ಕಟ್ಟಿ, ಗೆರೆ ಎಳೆದು, ಬಿಡುವಾದಾಗ ಆಂಗ್ಲರ ಅಭ್ಯಾಸಕ್ಕೆ ಎಡಗೈಯಿಂದ ನಿಧಾನವಾದ ತಿರುಗುಚೆಂಡನ್ನು ಎಸೆಯುತ್ತಿದ್ದರು. ತಮ್ಮನ್ನು ಔಟು ಮಾಡಿದಾಗಲೆಲ್ಲ ಗ್ರೀಗ್ ಎಂಬ ಅಧಿಕಾರಿ ಎಂಟಾಣೆ ಕೊಡುತ್ತಿದ್ದರೆಂಬ ಪ್ರತೀತಿಯಿದೆ. ನೂರಾರು ಗಂಟೆ ಚೆಂಡೆಸೆದವರ ಕೈಗೆ ಒಮ್ಮೆಯಾದರೂ ದಾಂಡನ್ನು ಕೊಡಬೇಕೆಂದು ಮಾತ್ರ ಯಾರಿಗೂ ತೋರಲಿಲ್ಲ.

ಆಂಗ್ಲರನ್ನು ಸೋಲಿಸುವ ಹಂಬಲದಿಂದ ಪುಣೆಯ ಹಿಂದೂಗಳು ಬಾಲೂ ಅವರನ್ನು ತಮ್ಮ ತಂಡಕ್ಕೆ ಕರೆದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮವಾದೊಡನೆ ಉಳಿದವರು ಒಳಗೆ ಕುಳಿತರೆ, ಬಾಲೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ ಚಹಾ! ಮುಂದೆ ಅವರು ಮುಂಬಯಿಗೆ ಹೋದರು. 1906ರಲ್ಲಿ ಅಲ್ಲಿನ ಹಿಂದೂ ತಂಡ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಆ ವಿಜಯದಲ್ಲಿ ಬಾಲೂ ಅವರ ಪಾಲು ಹಿರಿದಾಗಿತ್ತು.

1911ರ ಪ್ರವಾಸದಲ್ಲಿ ನಾಯಕರು ಪಟಿಯಾಲದ ಮಹಾರಾಜರು. ಅವರು ಆಡಿದ್ದು ಕೆಲವೇ ಪಂದ್ಯಗಳನ್ನು. ತಂಡವು 23 ಪಂದ್ಯಗಳಲ್ಲಿ 15ನ್ನು ಸೋತಿತು. ಇಂಥ ತಂಡದಲ್ಲಿ, ಭುಜದ ನೋವನ್ನು ಸಹಿಸಿಕೊಂಡು, ಬಾಲೂ ಒಬ್ಬರೇ 114 ವಿಕೆಟ್ಟುಗಳನ್ನು ಉರುಳಿಸಿದರು. ತಮ್ಮ ಶಿವರಾಮ್ ಸಹ ಜೊತೆಗಿದ್ದರು. ಹಿಂದಿರುಗಿದಾಗ ದಲಿತ ಸಮುದಾಯದವರು ಮುಂಬಯಿಯಲ್ಲಿ ಬಾಲೂ ಅವರನ್ನು ಸನ್ಮಾನಿಸಿದರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ವರ್ಷ ವರ್ಷವೂ ಅವರ ಕೈತಪ್ಪಿತು. ಅರ್ಹತೆಯ ಕೊರತೆಯಿಂದಲ್ಲ, ಜಾತಿಯಿಂದ. 1920ರಲ್ಲಿ ಈ ಅನ್ಯಾಯವನ್ನು ಪ್ರತಿಭಟಿಸಿ ಶಿವರಾಮ್ ಮತ್ತು ವಿಠಲ್ ತಂಡದಿಂದ ಹೊರಬಂದರು. ಆಮೇಲೆ ಬಾಲೂ ಅವರಿಗೆ ಉಪನಾಯಕತ್ವ ದೊರೆಯಿತು. ಆ ವೇಳೆಗೆ ಅವರ ವಯಸ್ಸು 44.

1923ರಲ್ಲಿ ಕಿರಿಯ ಸೋದರ ವಿಠಲ್ ಹಿಂದೂ ತಂಡದ ನಾಯಕರಾದರು, ಯುರೋಪಿಯನ್ನರನ್ನು ಗೆದ್ದರು. ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಬಾಲೂ ಆಗಲೇ ಆಟದಿಂದ ನಿವೃತ್ತರಾಗಿದ್ದರು.