ನಮ್ಮ ಕರಾವಳಿಯ ಗುರು ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಶ್ರೀಲಂಕಾದ ಪ್ರೇಷಿತರೆಂದು ಲೋಕವೇ ಅವರನ್ನು ಬಲ್ಲದು. ಆದರೆ ಲಂಕೆಗೆ ಹೋಗುವ ಮೊದಲು ಮೂರು ವರ್ಷ ಅವರು ನಮ್ಮ ಕೆನರಾದ ಗುರುಗಳಾಗಿದ್ದರು.

1651ರ ಏಪ್ರಿಲ್ 21ರಂದು ಗೋವಾದ ಬಾಣಾವಲಿಯಲ್ಲಿ ಹುಟ್ಟಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಡಚ್ಚರ ನಿರ್ಬಂಧದಿಂದ ಗುರುಗಳೇ ಇಲ್ಲದಂತಾಗಿದ್ದ ಲಂಕೆಗೆ ಹೋಗಬೇಕೆಂಬುದು ಅವರ ಹಂಬಲ. ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಮಾತ್ರ ಕೆನರಾಕ್ಕೆ. ವಿಧೇಯತೆಯಿಂದ ಬಂದರು.

ಇಲ್ಲಿ ದೊಡ್ಡ ಕಲಹ ಕಾದಿತ್ತು. ರೋಮಿನಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಪೋರ್ಚುಗೀಸರ ಹಕ್ಕನ್ನು ಹಿಡಿದ ಗೋವಾ ಅವರನ್ನು ಒಪ್ಪಲಿಲ್ಲ. ಗುರುಗಳೂ ಭಕ್ತರೂ ಎರಡು ಬಣವಾದರು. ತಾವು ಪಡೆದ ಸಂಸ್ಕಾರಗಳು ಸಿಂಧುವೇ ಎಂಬ ಆತಂಕ ಜನರನ್ನು ಕಾಡಿತು. ಗೋವಾದಿಂದಲೇ ಬಂದಿದ್ದ ವಾಜರು ಬಣ ಹಿಡಿಯದೆ ಬಿಷಪರ ಬಳಿಗೆ ಹೋದರು. ರೋಮಿನ ತೀರ್ಮಾನ ಬರುವವರೆಗೆ ಸೇವೆ ನಡೆಸಲು ಅವರಿಂದಲೂ ಅಧಿಕಾರ ಬೇಡಿ ಪಡೆದರು. ತಮ್ಮ ಮಾನಕ್ಕಿಂತ ಭಕ್ತರ ಮನಶ್ಶಾಂತಿ ಅವರಿಗೆ ದೊಡ್ಡದಾಗಿತ್ತು.

ಆಗ ಇದು ಕೆಳದಿ ರಾಣಿ ಚೆನ್ನಮ್ಮಳ ನಾಡು. ಘಟ್ಟದಿಂದಿಳಿದ ನದಿಗಳು ಅಲ್ಲಲ್ಲಿ ದಾರಿಗೆ ಅಡ್ಡ, ಸೇತುವೆಗಳಿಲ್ಲದ ಕಾಲ, ದೋಣಿ ದಾಟಿ ಮತ್ತೆ ನಡೆಯಬೇಕು. ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮುಲ್ಕಿ, ಮಂಗಳೂರು ಎಂದು ಅವರು ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಹುಡುಕಿಕೊಂಡು ಹೋದರು. ಪಾಪನಿವೇದನೆ ಕೇಳಿದರು, ಮಕ್ಕಳಿಗೆ ಶಾಲೆ ತೆರೆದರು, ಭಕ್ತರ ಸಂಘಗಳನ್ನು ಕಟ್ಟಿದರು. ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಬಂಡೆಯಿಂದ ನೀರು ಚಿಮ್ಮಿತೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಅಲ್ಲಿ ಇಂದು ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವಾಕ್ಕೆ ಮರಳಿದರು. 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಜಾಫ್ನಾ ತಲುಪಿದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. 1697ರಲ್ಲಿ ಸಿಡುಬು ಹಬ್ಬಿ ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಅವರನ್ನು ಆರೈಕೆ ಮಾಡಿ ಸತ್ತವರನ್ನು ಮಣ್ಣುಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಇಂದು ಹೊಳೆಗಳಿಗೆಲ್ಲ ಸೇತುವೆ ಇದೆ. ಆದರೆ ವಾರ್ಡು ವಾರ್ಡುಗಳ ನಡುವೆ, ಒಂದೇ ಚರ್ಚಿನ ಎರಡು ಗುಂಪುಗಳ ನಡುವೆ? ಮೊದಲು ಎದ್ದು ಎದುರಿನವರ ಮನೆಗೆ ಹೋಗುವ ವಾಜರ ಧೈರ್ಯವನ್ನು ಈ ಹಬ್ಬದಂದು ಬೇಡಿಕೊಳ್ಳೋಣ.